ಪೀಟರ್ಸ್‌ಬರ್ಗಿನ ಬ್ಯಾಲೆ ಟಿಕೆಟ್ ಏಜೆಂಟರ ಕೈಲಿ ತಗೋಬೇಡಿ, ನನಗೆ 43,500 ಹೋಯ್ತು

ಇವತ್ತು ಬೆಳಿಗ್ಗೆ ಅದೇ ನಂಬರಿನಿಂದ ವಾಟ್ಸಾಪ್ ಬಂದಿದೆ. "ಡಿಸೆಂಬರ್ ನಟ್‌ಕ್ರ್ಯಾಕರ್, ಕೆಲವೇ ಸೀಟು ಉಳಿದಿವೆ ಮೇಡಂ." ಜೂನ್‌ನಲ್ಲಿ ನನಗೆ ಟೋಪಿ ಹಾಕಿದವನೇ! ಮಾನ ಹೋಗುತ್ತೆ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ನಾನೂ ನಮ್ಮನೆಯವರೂ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿದ್ದೆವು. ಅಣ್ಣನ ಮಗಳು ಅಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಳೆ. ನನಗೆ ಅರಮನೆ, ದೋಣಿ ವಿಹಾರ ಯಾವುದೂ ಬೇಕಿರಲಿಲ್ಲ. ಮರೀನ್‌ಸ್ಕಿ ಥಿಯೇಟರಿನಲ್ಲಿ 'ಲಾ ಬಯಾಡೆರ್' ನೋಡಬೇಕು, ಅಷ್ಟೇ. ಹದಿನೆಂಟು ವರ್ಷ ಭರತನಾಟ್ಯ ಮಾಡಿದವಳಿಗೆ ಆ ಆಸೆ ಇರಬಾರದಾ? ನಮ್ಮ ಕಡೆಯ ದೇವಸ್ಥಾನದ ನರ್ತಕಿಯ ಕಥೆ ಅಂತ ಪೆಟಿಪಾ ಅನ್ನೋ ನೃತ್ಯ ಸಂಯೋಜಕ 1877ರಲ್ಲಿ ಅದೇ ಊರಿನಲ್ಲಿ ಮಾಡಿದ ಬ್ಯಾಲೆ ಅದು. ಹೂವಿನ ಬುಟ್ಟಿಯೊಳಗಿನ ಹಾವು ಕಚ್ಚಿ ಆ ನರ್ತಕಿ ನಿಕಿಯಾ ಸಾಯುತ್ತಾಳೆ. ಅವಳ ಪ್ರಿಯಕರ ಸೋಲೋರ್ ಅಫೀಮು ಸೇದಿ ಕನಸಿನಲ್ಲಿ ಅವಳನ್ನು ಕಾಣುತ್ತಾನೆ. ಆಗ ಬಿಳಿ ಉಡುಪಿನ ಛಾಯೆಗಳು, ಅಂದರೆ ಸತ್ತ ನರ್ತಕಿಯರ ಆತ್ಮಗಳು, ಇಳಿಜಾರಿನ ಮೇಲೆ ಒಬ್ಬರ ಹಿಂದೆ ಒಬ್ಬರು ಇಳಿದು ಬರುತ್ತಾರೆ, ಮೂವತ್ತೆರಡು ಜನ, ಎಲ್ಲರದೂ ಅದೇ ಹೆಜ್ಜೆ, ಅದೇ ಬಾಗು. ಯೂಟ್ಯೂಬಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಥಿಯೇಟರಿನ ಸ್ವಂತ ವೆಬ್‌ಸೈಟಿನಲ್ಲಿ ನಮ್ಮ ಕಾರ್ಡು ನಡೆಯಲಿಲ್ಲ. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ವ್ಯವಹಾರ ನಿಲ್ಲಿಸಿದವಲ್ಲ, ಅದಕ್ಕೆ. ಏಜೆಂಟರ ಹೊಟ್ಟೆ ತುಂಬುತ್ತಿರುವುದೇ ಇದರಿಂದ. ಇವನು ಸಿಕ್ಕಿದ. "ಯುಪಿಐ ಮಾಡಿ ಮೇಡಂ, ವೈಟ್ ನೈಟ್ಸ್ ಫೆಸ್ಟಿವಲ್, ಬಯಾಡೆರ್, ಬೆಸ್ಟ್ ಸೀಟ್." ತಲೆಗೆ 14,500, ಮೂವರಿಗೆ 43,500. ವೈಟ್ ನೈಟ್ಸ್ ಅಂದರೆ ಅಲ್ಲಿ ಜೂನ್‌ನಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗದ ದಿನಗಳು. ಆದರೆ ಆ ಹೆಸರು ಕೇಳಿದಕೂಡಲೇ ನಾನು ಮರೀನ್‌ಸ್ಕಿಯವರು 1993ರಿಂದ ನಡೆಸುತ್ತಿರುವ ಉತ್ಸವ ಅಂದುಕೊಂಡೆ. ಅವನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಚಾಟ್ ಮತ್ತೆ ಓದಿದೆ, ಪುಣ್ಯಾತ್ಮ ಒಂದೇ ಒಂದು ಸಲವೂ ಮರೀನ್‌ಸ್ಕಿ ಅಂತ ಬರೆದಿಲ್ಲ! ಬರೆದವಳು ನಾನು, ಪ್ರತಿ ಸಲವೂ ನಾನೇ. ಅವನದು ಬರೀ ಥಂಬ್ಸ್ ಅಪ್.

ಟಿಕೆಟ್ ಕಳಿಸಿ ಅಂದರೆ ವೌಚರ್ ಕಳಿಸಿದ, ಅದರಲ್ಲಿ ಬೆಲೆಯೂ ಇಲ್ಲ, ಸೀಟ್ ನಂಬರೂ ಇಲ್ಲ. "ಅಲ್ಲೇ ನಮ್ಮ ಹುಡುಗ ಕೊಡ್ತಾನೆ ಮೇಡಂ." ನನಗೆ ಅಲ್ಲೇ ಗೊತ್ತಾಗಬೇಕಿತ್ತು.

ಆ ದಿನ ರೇಷ್ಮೆ ಸೀರೆ ಉಟ್ಟಿದ್ದೆ, ಮೈಸೂರು ಸಿಲ್ಕ್. ಟ್ಯಾಕ್ಸಿ ನಿಂತದ್ದು ಯಾವುದೋ ಹಳೇ ಸಭಾಂಗಣದ ಮುಂದೆ. ಮರೀನ್‌ಸ್ಕಿಯ ಹಸಿರು ಬಿಳಿ ಕಟ್ಟಡವನ್ನು ಹಿಂದಿನ ದಿನವಷ್ಟೇ ಹೊರಗಿಂದ ನೋಡಿಕೊಂಡು ಬಂದಿದ್ದೆ, ಇದು ಅದಲ್ಲ. ಬಾಗಿಲಲ್ಲಿ ಒಬ್ಬ ಹುಡುಗ ಮೂರು ಟಿಕೆಟ್ ಕೈಗಿತ್ತು ಮಾಯವಾದ. ಸೊಸೆ, ಅದೇ ಅಣ್ಣನ ಮಗಳು, ಓದಿದಳು. ಮೊದಲು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಅತ್ತೆ, ಇದರಲ್ಲಿ 2,200 ರೂಬಲ್ ಅಂತಿದೆ" ಅಂದಳು. ರೂಬಲ್ಲೂ ನಮ್ಮ ರೂಪಾಯಿಯೂ ಹೆಚ್ಚುಕಡಿಮೆ ಒಂದೇ. 2,200ರ ಟಿಕೆಟ್ಟಿಗೆ 14,500! "ಇನ್ನೂ ಒಂದಿದೆ ಅತ್ತೆ. ಬಯಾಡೆರ್ ಅಂತಿಲ್ಲ, ಬಯಾಡೆರ್‌ನ ದೃಶ್ಯಗಳು ಅಂತಿದೆ." ನಮ್ಮನೆಯವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮೊದಲರ್ಧ ಪೂರ್ತಿ ಸ್ವಾನ್ ಲೇಕ್ ಅನ್ನೋ ಬೇರೆ ಬ್ಯಾಲೆಯ ತುಣುಕುಗಳು. ಹಂಸ, ಮತ್ತೆ ಹಂಸ, ಮತ್ತೂ ಹಂಸ. ಬೇಸಿಗೆಯಲ್ಲಿ ಪ್ರವಾಸಿಗಳಿಗೆ ಅಲ್ಲಿ ಮಾರುವುದೇ ಅದನ್ನಂತೆ. ವಾದ್ಯವೃಂದ ಇಲ್ಲ, ಎರಡು ಸ್ಪೀಕರ್. ಸಿ.ಡಿ. ಹಾಕಿ ರಂಗಪ್ರವೇಶ ಮಾಡಿಸಿದರೆ ನಮ್ಮಲ್ಲಿ ಮುಂದಿನ ಸಾಲಿನ ಅಜ್ಜಿಯರು ಏನನ್ನುತ್ತಾರೆ ಅಂತ ನಿಮಗೇ ಗೊತ್ತು. ಕೊನೆಗೆ ಛಾಯೆಗಳು ಬಂದವು. ಇಳಿಜಾರು ಇಲ್ಲ, ಪಕ್ಕದ ಪರದೆಯಿಂದ ನೆಲದ ಮೇಲೇ ಬಂದರು. ನಾನು ಎಣಿಸುತ್ತಿದ್ದೆ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯವಳಿಗಾಗಿ ಪರದೆಯನ್ನೇ ನೋಡುತ್ತಾ ಕೂತೆ. ಬರಲಿಲ್ಲ. ಹನ್ನೆರಡೇ. ಕುಣಿದ ಮಕ್ಕಳ ಮೇಲೆ ನನ್ನ ತಕರಾರಿಲ್ಲ, ಪಾಪ, ಮೈ ಮುರಿದು ಕುಣಿದರು. ಆದರೆ ದೇವಸ್ಥಾನ ಇಲ್ಲ, ಹೂವಿನ ಬುಟ್ಟಿ ಇಲ್ಲ, ಹಾವೂ ಇಲ್ಲ. ಇಡೀ ಪ್ರಸಂಗ ಅಂತ ಕರೆದು ಎರಡು ಪದ್ಯ ಹಾಡಿ ಮಂಗಳ ಹಾಡಿದ ಹಾಗಾಯ್ತು.

ಹೊರಗೆ ರಾತ್ರಿ ಹತ್ತಾದರೂ ಬೆಳಕು. ಅಲ್ಲೇ ನಿಂತು ಮೆಸೇಜ್ ಮಾಡಿದೆ. ಅವನ ಉತ್ತರ ಕೇಳಿ:

"ಬಯಾಡೆರ್ ಇತ್ತಲ್ಲ ಮೇಡಂ."

ಪೂರ್ತಿ ಇರಲಿಲ್ಲ ಅಂದೆ. "ಪ್ರೋಗ್ರಾಂ ಚೇಂಜ್ ಆಗಬಹುದು ಅಂತ ವೌಚರ್ ಕೆಳಗೆ ಹಾಕಿದೀವಿ ಮೇಡಂ." ಬೆಲೆಯ ವಿಷಯ ಎತ್ತಿದೆ. "ಅದು ಸರ್ವಿಸ್ ಚಾರ್ಜ್ ಮೇಡಂ." ಟಿಕೆಟ್ಟಿನ ಐದು ಪಟ್ಟಿಗಿಂತ ಹೆಚ್ಚು ಸರ್ವಿಸ್ ಚಾರ್ಜ್! ಫೆಸ್ಟಿವಲ್ ಎಲ್ಲಪ್ಪಾ ಅಂದರೆ, "ಊರೆಲ್ಲಾ ವೈಟ್ ನೈಟ್ಸೇ ಅಲ್ವಾ ಮೇಡಂ ಈಗ." ನಗುವ ಎಮೋಜಿ ಬೇರೆ. ಕೊನೆಗೆ ದೊಡ್ಡ ಮನಸ್ಸು ಮಾಡಿ ಮುಂದಿನ ಟೂರಿಗೆ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ ಅಂದ.

ನನ್ನ ಹೊಟ್ಟೆ ಉರಿಯುವುದು ಅವನ ಮೇಲಿನ ಸಿಟ್ಟಿಗೂ ಅಲ್ಲ. ಆ ವಾರ ಮರೀನ್‌ಸ್ಕಿಯಲ್ಲಿ ಬಯಾಡೆರ್ ಇರಲೇ ಇಲ್ಲ! ಥಿಯೇಟರಿನ ಪಟ್ಟಿಯಲ್ಲಿ ದಿನ, ಕಟ್ಟಡ, ಬ್ಯಾಲೆಯ ಹೆಸರು ಎಲ್ಲಾ ಇತ್ತು. ಕಾರ್ಡು ಬೇಕಾಗಿದ್ದು ಟಿಕೆಟ್ ಕೊಳ್ಳೋಕೆ, ಪಟ್ಟಿ ನೋಡೋಕಲ್ಲ. ಕಾರ್ಡು ನಡೆಯಲಿಲ್ಲ ಅಂತ ಸಿಟ್ಟಿನಲ್ಲಿ ಪುಟ ಮುಚ್ಚಿದವಳು ಮತ್ತೆ ತೆರೆಯಲೇ ಇಲ್ಲ.

ಹೋಗುವವರು ಆ ಪಟ್ಟಿ ನೋಡಿ. ಕಟ್ಟಡ ಯಾವುದು ಅಂತಲೂ ನೋಡಿ, ಹಳೆಯದು ಬೇರೆ, 2013ರಲ್ಲಿ ತೆರೆದ ಮರೀನ್‌ಸ್ಕಿ-2 ಬೇರೆ. ಏಜೆಂಟನ ಕೈಲಿ ಥಿಯೇಟರ್ ಹೆಸರು ಬರೆಸಿಕೊಳ್ಳಿ, ಥಂಬ್ಸ್ ಅಪ್ ನಂಬಬೇಡಿ. ಅಲ್ಲಿ ನೆಂಟರೋ ಓದುವ ಮಕ್ಕಳೋ ಇದ್ದರೆ ರೂಬಲ್ ಕೊಟ್ಟು ಕೌಂಟರಿನಲ್ಲೇ ತೆಗೆಸಿ. ನನ್ನ ಸೊಸೆ ಅದೇ ಊರಿನಲ್ಲಿ ಇದ್ದಳು ಸ್ವಾಮಿ, ಅವಳಿಗೆ ಸರ್‌ಪ್ರೈಸ್ ಕೊಡ್ತೀನಿ ಅಂತ ಬಾಯಿ ಬಿಡಲಿಲ್ಲ ನಾನು.

ವಾಪಸ್ ಬಂದ ಮೇಲೆ ನಮ್ಮ ಗುರುಗಳು ಫೋನ್ ಮಾಡಿ, "ಹೇಗಿತ್ತಮ್ಮಾ ಬಯಾಡೆರ್, ಹಾವು ಹೇಗೆ ತೋರಿಸಿದರು?" ಅಂದರು. ಬಹಳ ಚೆನ್ನಾಗಿತ್ತು ಟೀಚರ್ ಅಂದೆ.