"ಫ್ರೀಯಾಗಿ ಲೈವ್ ಸೆಷನ್ ವಿಡಿಯೋ ಮಾಡಿಕೊಡ್ತೀವಿ" ಅನ್ನೋರ ಹತ್ರ ಹುಷಾರು, ಸ್ವಂತ ಹಾಡು ಹಾಡೋರೆಲ್ಲ ದಯವಿಟ್ಟು ಓದಿ

ಬೆಂಗಳೂರಲ್ಲಿ ಸ್ವಂತ ಹಾಡು ಬರ್ಕೊಂಡು ಗಿಟಾರ್ ಹಿಡ್ಕೊಂಡು ಕೆಫೆ, ಪಬ್ಬು, ರೂಫ್‌ಟಾಪ್ ಅಂತ ಹಾಡ್ತಾ ಇರೋ ಎಲ್ಲರಿಗೂ ಇದನ್ನ ಬರೀತಾ ಇದೀನಿ. "ಪೇಮೆಂಟ್ ಕೊಡೋಕೆ ಆಗಲ್ಲ ಮೇಡಂ, ಬದ್ಲಿಗೆ ನಿಮ್ಮ ಒರಿಜಿನಲ್ ಹಾಡಿಂದು ಮೂರು ಕ್ಯಾಮೆರಾ ಇಟ್ಟು ಲೈವ್ ವಿಡಿಯೋ ಮಾಡಿಕೊಡ್ತೀವಿ" ಅಂತ ಇನ್‌ಸ್ಟಾದಲ್ಲಿ ಮೆಸೇಜ್ ಬಂದ್ರೆ, ಆ ರೆಕಾರ್ಡಿಂಗ್ ಯಾರ ಹೆಸರಲ್ಲಿರುತ್ತೆ, ಎಲ್ಲೆಲ್ಲಿ ಹಾಕ್ತೀರ ಅಂತ ಬರವಣಿಗೇಲಿ ಕೇಳಿ. ಬರವಣಿಗೇಲಿ ಉತ್ತರ ಬರ್ಲಿಲ್ಲ ಅಂದ್ರೆ ಹೋಗ್ಬೇಡಿ. ನಾನು ಬರೆದ ಹಾಡೊಂದು ಇವತ್ತು ಸ್ಟ್ರೀಮಿಂಗ್ ಆಪ್‌ಗಳಲ್ಲಿ ಬೇರೆಯವರ ಬ್ರ್ಯಾಂಡ್ ಹೆಸರಲ್ಲಿ ಓಡ್ತಾ ಇದೆ. ಆ ಜನ ಯಾರು ಅಂತ ಇಲ್ಲಿ ಹಾಕಲ್ಲ, ವಕೀಲರ ಮೂಲಕ ಪತ್ರ ಹೋಗಿದೆ, ಅದು ಮುಗೀಲಿ. ಆದ್ರೆ ಹಿಂಗೆ ಮಾಡೋರು ಅವ್ರೊಬ್ರೇ ಅಲ್ಲ ಅಂತ ಆಮೇಲೆ ಬೇರೆ ಹಾಡೋರ ಜೊತೆ ಮಾತಾಡಿದಾಗ ಗೊತ್ತಾಯ್ತು, ಅದಕ್ಕೇ ಈ ಪೋಸ್ಟು.

ಈ ಆಫರ್ ನಮ್ಮಂಥೋರಿಗೆ ಯಾಕೆ ಇಷ್ಟು ಬೇಗ ಹಿಡಿಸುತ್ತೆ ಅಂದ್ರೆ, ನಾವು ಬದುಕ್ತಾ ಇರೋ ರೀತಿನೇ ಹಂಗಿದೆ. ವಾರದ ದಿನ ನಾನು ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳಿಗೆ ಗಿಟಾರ್ ಹೇಳ್ಕೊಡ್ತೀನಿ, ಬಾಡಿಗೆ ಕಟ್ಟೋದು ಅದ್ರಿಂದ್ಲೇ. ವೀಕೆಂಡ್ ಗಿಗ್ ಸಿಕ್ರೆ ಪಬ್ಬಿನೋರು ಕೇಳೋದು ಬೇರೆಯವರ ಹಾಡು, ಅಂದ್ರೆ ಹಿಂದಿ ಕವರ್ರು, ಇಲ್ಲಾ ಇಂಗ್ಲಿಷ್ ಕವರ್ರು, ಕನ್ನಡ ಅಂದ್ರೆ ಸಿನಿಮಾ ಹಾಡು, ಅದೂ ಒಂದೋ ಎರಡೋ. ನಮ್ಮದೇ ಹಾಡು ಹಾಡೋಕೆ ಬಿಡೋ ಜಾಗ ಈ ಊರಲ್ಲಿ ಬೆರಳೆಣಿಕೆಯಷ್ಟು, ಅಲ್ಲೂ ಬುಕಿಂಗ್ ಮಾಡೋರು ಮೊದ್ಲು ಕೇಳೋದು "ಲೈವ್ ವಿಡಿಯೋ ಲಿಂಕ್ ಇದ್ಯಾ?" ಅಂತ. ಸ್ಟುಡಿಯೋಲಿ ಮಾಡಿದ ಆಡಿಯೋ ಕಳ್ಸಿದ್ರೆ ಪ್ಲೇ ಬಟನ್ ಕೂಡ ಒತ್ತಲ್ಲ. ಒಳ್ಳೆ ಆಡಿಯೋ ಇರೋ ಲೈವ್ ವಿಡಿಯೋ ಸ್ವಂತಕ್ಕೆ ಮಾಡಿಸ್ಬೇಕು ಅಂದ್ರೆ ಜಾಗ, ಕ್ಯಾಮೆರಾದೋರು, ಮಿಕ್ಸಿಂಗ್, ಎಡಿಟಿಂಗ್ ಎಲ್ಲಾ ಸೇರಿ ಎಷ್ಟೋ ತಿಂಗಳ ಗಿಗ್ ದುಡ್ಡು ಒಂದೇ ಸಲ ಹೋಗುತ್ತೆ. ಆ ಜಾಗಕ್ಕೇ ಅವ್ರು ಕೈ ಹಾಕೋದು. ನನ್ನನ್ನ ಕರೆದೋರು ಫೋನಲ್ಲಿ ಮಾತಾಡ್ದಾಗ ರಘು ದೀಕ್ಷಿತ್, ಸ್ವರಾತ್ಮ ಬ್ಯಾಂಡ್ ಅಂತೆಲ್ಲ ಹೆಸರು ತಂದ್ರು, ಸಿನಿಮಾದ ಆಚೆಗೂ ಕನ್ನಡದಲ್ಲಿ ಹಾಡಿ ಗೆದ್ದೋರು ಅವ್ರು, ಮುಂದಿನ ಸರದಿ ನಿಮ್ಮದೇ ಅಂತ. ಕೇಳೋಕೆ ಯಾರಿಗೆ ಖುಷಿಯಾಗಲ್ಲ ಹೇಳಿ.

ಶೋ ಇದ್ದಿದ್ದು ಒಂದು ರೂಫ್‌ಟಾಪಲ್ಲಿ. ತೆರೆದ ಜಾಗದಲ್ಲಿ ರಾತ್ರಿ 10ರ ಮೇಲೆ ಸ್ಪೀಕರ್ ಹಾಕೋ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮ ಅದು, ಎಲ್ಲರಿಗೂ ಗೊತ್ತಿರೋದೇ. ಗೊತ್ತಿದ್ದೂ ಅಷ್ಟೊಂದು ಜನ ಆರ್ಟಿಸ್ಟ್‌ಗಳನ್ನ ಒಂದೇ ಸಂಜೆಗೆ ತುಂಬಿಸಿದ್ರು, ಎಲ್ಲಾ ಲೇಟು. ನನ್ನ ಸೌಂಡ್‌ಚೆಕ್ ನಡೀಬೇಕಾದ್ರೆ ಜನ ಆಗ್ಲೇ ಬಂದು ಕೂತಿದಾರೆ, ಗಿಟಾರನ್ನ ಸೌಂಡ್ ಸಿಸ್ಟಮಿಗೆ ಸೇರಿಸೋ ಡಿಐ ಬಾಕ್ಸಿಗೆ ಹಾಕಿದ್ರೆ ಗುಂಯ್ ಅಂತ ಹಮ್ ಬರ್ತಿದೆ, ಸೌಂಡ್ ಮಾಡ್ತಿದ್ದ ಅಣ್ಣ ಪಾಪ ಕೇಬಲ್ ಬದಲಾಯಿಸ್ತಾ ಇದಾರೆ, ಕಹೋನ್ ಅನ್ನೋ ಪೆಟ್ಟಿಗೆ ಥರದ ತಾಳವಾದ್ಯ ನುಡಿಸೋ ನನ್ನ ಫ್ರೆಂಡ್‌ಗೆ ಮೈಕೇ ಇಲ್ಲ. ಅಷ್ಟೊತ್ತಿಗೆ ಒಬ್ಬ ಹುಡುಗ ಸ್ಟೇಜ್ ಮೇಲೆ ಹತ್ತಿ ಟ್ಯಾಬ್ ಒಂದನ್ನ ಮುಖದ ಮುಂದೆ ಹಿಡಿದ. "ಮೇಡಂ ಇದು ಶೂಟಿಂಗ್ ಒಪ್ಪಿಗೆ ಫಾರ್ಮು ಅಷ್ಟೇ, ಎಲ್ಲರೂ ಹಾಕಿದಾರೆ, ಬೇಗ ಬೇಗ." ಸ್ಕ್ರೀನಲ್ಲಿ ಇದ್ದಿದ್ದು ಸೈನ್ ಮಾಡೋ ಬಾಕ್ಸ್ ಒಂದೇ. ಮೇಲಕ್ಕೆ ಹೋಗಿ ಓದೋಣ ಅಂತ ಬೆರಳಿಟ್ರೆ ಪೇಜ್ ಮೇಲಕ್ಕೆ ಹೋಗ್ತಾನೇ ಇಲ್ಲ. ಕಾಪಿ ಬೇಕು ಅಂದೆ, "ಮೇಲ್ ಬರುತ್ತೆ" ಅಂದ. ಬರ್ಲೇ ಇಲ್ಲ. ಗಲಾಟೆ ಆದ್ಮೇಲೆ ವಕೀಲರು ಕೇಳಿದಾಗ ಕಳ್ಸಿದ್ರು, ಅದ್ರಲ್ಲಿ ಇರೋದು "ಇಡೀ ವಿಶ್ವದಲ್ಲಿ, ಶಾಶ್ವತವಾಗಿ, ಎಲ್ಲಾ ಮಾಧ್ಯಮಗಳಲ್ಲಿ, ಎಲ್ಲಾ ಹಕ್ಕು" ಅನ್ನೋ ಥರದ ಇಂಗ್ಲಿಷು, ಯಾವ ಹಾಡು ಅಂತ ಹೆಸರೂ ಇಲ್ಲ. ಶೂಟಿಂಗ್ ಒಪ್ಪಿಗೆ ಅಂತ ಹೇಳಿ ಇದನ್ನ ಮುಂದಿಡೋದು ಶುದ್ಧ ಮೋಸ, ಬೇರೆ ಮಾತೇ ಇಲ್ಲ. ಓದೋಕೆ ಟೈಮೇ ಇಲ್ಲದ ಗಳಿಗೆ ನೋಡ್ಕೊಂಡೇ ಬರ್ತಾರೆ, ನನ್ನ ಹಾಗೆ ಅಲ್ಲಿ ಹಾಡಿದ ಬೇರೆಯೋರಿಗೂ ಸ್ಟೇಜ್ ಮೇಲೇ ತಂದು ಹಿಡಿದಿದ್ರಂತೆ.

ಆಮೇಲೆ ಬಹಳ ದಿನ ಸುದ್ದಿನೇ ಇಲ್ಲ. ಒಂದಿನ ಡ್ರೈವ್ ಲಿಂಕ್ ಕಳ್ಸಿ "ನಿಮ್ಮ ವಿಡಿಯೋ ರೆಡಿ, ನಿಮ್ಮ ಚಾನೆಲ್ಲಲ್ಲೂ ಹಾಕ್ಕೊಳ್ಳಿ" ಅಂದ್ರು. ಚೆನ್ನಾಗೇ ಬಂದಿತ್ತು, ಸುಳ್ಳು ಹೇಳಲ್ಲ. ಹಾಕ್ದೆ. ಹಾಕಿ ಸ್ವಲ್ಪ ಹೊತ್ತಿಗೇ ಯೂಟ್ಯೂಬಿಂದ ಇಮೇಲ್ ಬಂತು, ಈ ವಿಡಿಯೋದ ಆಡಿಯೋ ಮೇಲೆ ಕಾಪಿರೈಟ್ ಕ್ಲೇಮ್ ಇದೆ ಅಂತ, ಕ್ಲೇಮ್ ಮಾಡಿರೋದು ಅವ್ರೇ. ನನ್ನ ದನಿ, ನನ್ನ ಗಿಟಾರು, ನನ್ನ ಹಾಡು, ನನ್ನ ಚಾನೆಲ್ಲು, ಜಾಹೀರಾತಿನ ದುಡ್ಡು ಹೋಗೋದು ಅವ್ರಿಗೆ. ಅದಾದ್ಮೇಲೆ ನಾನು ಗಿಟಾರ್ ಹೇಳ್ಕೊಡೋ ಹುಡುಗಿ ಒಬ್ಳು "ಮಿಸ್ ನಿಮ್ ಹಾಡು ಆಪಲ್ಲಿ ಎರಡು ಸಲ ಇದೆ, ಒಂದ್ರಲ್ಲಿ ನಿಮ್ ಫೋಟೋ ಇಲ್ಲ" ಅಂತ ತೋರಿಸಿದ್ಳು. ಲೈವ್ ವರ್ಷನ್ನನ್ನ ಅವ್ರ ಬ್ರ್ಯಾಂಡ್ ಹೆಸರಲ್ಲಿ ರಿಲೀಸ್ ಮಾಡಿದಾರೆ. ಕ್ರೆಡಿಟ್ಸ್ ತೆಗೆದು ನೋಡಿದ್ರೆ ಬರೆದವರು, ಸಂಗೀತ ಮಾಡಿದವರು ಎರಡೂ ಕಡೆ ಅದೇ ಬ್ರ್ಯಾಂಡ್ ಹೆಸರು.

ಆ ಹಾಡು ನಮ್ಮಜ್ಜಿ ತೀರ್ಕೊಂಡ ವರ್ಷ ಬರೆದಿದ್ದು. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಕೊಳೆ ಬಂದಾಗ ಅಜ್ಜಿ ಜಗುಲಿ ಮೇಲೆ ಕೂತು ತನ್ನಷ್ಟಕ್ಕೆ ಹೇಳ್ಕೋತಿದ್ದ ಮಾತೇ ಅದರ ಪಲ್ಲವಿ. ಅದನ್ನ ಯಾವ್ದೋ ಒಂದು ಈವೆಂಟ್ ಬ್ರ್ಯಾಂಡು ಬರೀತು ಅಂತ ಅಲ್ಲಿ ಬರೆದಿರೋದು ನೋಡಿದಾಗ ದುಡ್ಡಿನ ಯೋಚನೆ ಬರ್ಲೇ ಇಲ್ಲ ನಂಗೆ. ಅಮ್ಮಂಗೆ ಹೆಂಗ್ ಹೇಳೋದು ಅನ್ನೋದೇ ಬಂದಿದ್ದು.

ಫೋನ್ ಮಾಡ್ದೆ. ಮೊದ್ಲು "ಇದು ಇಂಡಸ್ಟ್ರಿಲಿ ಎಲ್ಲರೂ ಮಾಡೋದೇ ಮೇಡಂ, ನಾವು ಕ್ಯಾಮೆರಾ, ಸೌಂಡು ಎಲ್ಲಾ ದುಡ್ಡು ಹಾಕಿದೀವಿ" ಅಂದ್ರು. ಎರಡನೇ ಸಲ ಮಾಡಿದಾಗ ನಿಜ ಬಣ್ಣ ಬಂತು: ಪ್ರೊಡಕ್ಷನ್ ಖರ್ಚು ನೀವು ಕಟ್ಟಿದ್ರೆ ತೆಗೀತೀವಿ. ಫ್ರೀ ಅಂತ ಕರೆದು, ಆಮೇಲೆ ನಿಮ್ಮ ಹಾಡು ನಿಮಗೇ ಬಿಡೋಕೆ ದುಡ್ಡು ಕೇಳೋದು, ಇದಕ್ಕೇ ನಾನು ಎಲ್ಲರಿಗೂ ಹೇಳ್ತಾ ಇರೋದು ಹುಷಾರಾಗಿರಿ ಅಂತ. ದುಡ್ಡು ಕಟ್ಬೇಡಿ. ಕಟ್ಟಿದ ಇನ್ನೊಬ್ಬ ಹಾಡುಗಾರರು ನಂಗೆ ಸಿಕ್ಕಿದ್ರು, ಅವ್ರ ಹಾಡು ಒಂದು ಆಪಿಂದ ಹೋಯ್ತು, ಉಳಿದ ಕಡೆ ಹಂಗೇ ಇದೆ.

ಈಗ ಮುಖ್ಯ ವಿಷಯ. ವಕೀಲ ಗೆಳತಿ ಕೂರಿಸ್ಕೊಂಡು ಬಿಡಿಸಿ ಹೇಳಿದ್ಮೇಲೆ ನಂಗೆ ಧೈರ್ಯ ಬಂದಿದ್ದು, ನಿಮಗೂ ಬರ್ಲಿ. ಹಾಡು ಬೇರೆ, ಅದರ ರೆಕಾರ್ಡಿಂಗ್ ಬೇರೆ. ಸಾಹಿತ್ಯ ಮತ್ತೆ ಸಂಗೀತ ನೀವು ಮಾಡಿದ ಕ್ಷಣದಿಂದ ನಿಮ್ಮದು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದಕ್ಕೆ ರಿಜಿಸ್ಟ್ರೇಷನ್ ಕೂಡ ಕಡ್ಡಾಯ ಅಲ್ಲ. ರೆಕಾರ್ಡಿಂಗ್ ಮಾಡಿಸಿದೋರಿಗೆ ಆ ರೆಕಾರ್ಡಿಂಗ್ ಮೇಲೆ ಹಕ್ಕು ಬರಬಹುದು, ಅಷ್ಟಕ್ಕೇ ಒಳಗಿರೋ ಹಾಡು ಅವ್ರದ್ದಾಗಲ್ಲ, ರಿಲೀಸ್ ಮಾಡೋಕೆ ಹಾಡು ಬರೆದೋರ ಅನುಮತಿ ಬೇಕೇ ಬೇಕು. ಹಕ್ಕು ಬರ್ಕೊಡೋದಾದ್ರೂ ಸೆಕ್ಷನ್ 19ರ ಪ್ರಕಾರ ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ರಾಯಲ್ಟಿ ಎಷ್ಟು ಅಂತ ಅದ್ರಲ್ಲಿ ಇರ್ಬೇಕು, ಕಾಲ ಹೇಳಿಲ್ಲ ಅಂದ್ರೆ 5 ವರ್ಷ ಅಂತ, ಪ್ರದೇಶ ಹೇಳಿಲ್ಲ ಅಂದ್ರೆ ಭಾರತ ಮಾತ್ರ ಅಂತ ಲೆಕ್ಕ. ಹಾಡಿನ ಹೆಸರೇ ಇಲ್ಲದ ಆ ಟ್ಯಾಬ್ ಫಾರ್ಮನ್ನ ನಮ್ಮ ಪತ್ರದಲ್ಲಿ ಪ್ರಶ್ನೆ ಮಾಡಿರೋದು ಇದ್ರ ಮೇಲೇ. 2012ರ ತಿದ್ದುಪಡಿ ಬಂದ್ಮೇಲೆ ಹಾಡು ಬರೆದೋರು, ಸಂಗೀತ ಮಾಡಿದೋರು ತಮ್ಮ ರಾಯಲ್ಟಿ ಪಾಲನ್ನ ಬಿಟ್ಟುಕೊಡ್ತೀನಿ ಅಂತ ಸೈನ್ ಮಾಡಿದ್ರೂ ಅದು ನಡೆಯಲ್ಲ, ವಾರಸುದಾರರಿಗೆ ಇಲ್ಲಾ ರಾಯಲ್ಟಿ ವಸೂಲಿ ಮಾಡೋ ಕಾಪಿರೈಟ್ ಸೊಸೈಟಿಗೆ ಬಿಟ್ರೆ ಇನ್ನ್ಯಾರಿಗೂ ಅದನ್ನ ಕೊಡೋ ಹಾಗಿಲ್ಲ. ಎಲ್ಲಕ್ಕಿಂತ ನಂಗೆ ಸಮಾಧಾನ ಕೊಟ್ಟಿದ್ದು ಸೆಕ್ಷನ್ 57: ಎಲ್ಲಾ ಹಕ್ಕು ಮಾರಿದ್ರೂ ಇದು ನಾನು ಬರೆದಿದ್ದು ಅಂತ ಹೇಳ್ಕೊಳ್ಳೋ ಹಕ್ಕು ನಮ್ಮ ಹತ್ರನೇ ಇರುತ್ತೆ. ಕ್ರೆಡಿಟ್ಸಲ್ಲಿ ಹೆಸರು ತೆಗೆಯೋಕೆ ಯಾವ ಫಾರ್ಮೂ ಅವ್ರಿಗೆ ಅಧಿಕಾರ ಕೊಡಲ್ಲ.

ಯೂಟ್ಯೂಬಲ್ಲಿ ಕ್ಲೇಮ್ ಬಂದ್ರೆ ಹೆದರ್ಕೊಂಡು ವಿಡಿಯೋ ಡಿಲೀಟ್ ಮಾಡ್ಬೇಡಿ. ಕ್ಲೇಮ್ ಅಂದ್ರೆ ಸ್ಟ್ರೈಕ್ ಅಲ್ಲ, ಸ್ಟ್ರೈಕ್ ಅಂದ್ರೆ ಚಾನೆಲ್ ಮೇಲೇ ಬೀಳೋ ಎಚ್ಚರಿಕೆ. ಡಿಸ್ಪ್ಯೂಟ್, ಅಂದ್ರೆ ಆಕ್ಷೇಪ ಹಾಕಿ, ಕ್ಲೇಮ್ ಬಂದ 5 ದಿನದ ಒಳಗೆ ಹಾಕಿದ್ರೆ ಮೊದಲ ದಿನದಿಂದ ಬಂದ ದುಡ್ಡನ್ನ ಯೂಟ್ಯೂಬ್ ಯಾರಿಗೂ ಕೊಡದೆ ಎತ್ತಿಡುತ್ತೆ. ಅವ್ರಿಗೆ ಉತ್ತರ ಕೊಡೋಕೆ 30 ದಿನ, ಕೊಡ್ಲಿಲ್ಲ ಅಂದ್ರೆ ಕ್ಲೇಮ್ ಬಿದ್ದೋಗುತ್ತೆ. ನನ್ನ ಡಿಸ್ಪ್ಯೂಟನ್ನ ತಳ್ಳಿಹಾಕಿದ್ರು, ಅಪೀಲ್ ಹಾಕ್ದೆ, ಅದಕ್ಕೆ ಅವ್ರಿಗೆ 7 ದಿನ. ಅಪೀಲಿಗೂ ಮಣಿಯದೆ ವಿಡಿಯೋ ತೆಗೀರಿ ಅಂತ ಯೂಟ್ಯೂಬಿಗೆ ಟೇಕ್‌ಡೌನ್ ನೋಟಿಸ್ ಕಳ್ಸಿದ್ರೆ ಆಗ ಸ್ಟ್ರೈಕ್ ಬೀಳುತ್ತೆ, ಅದಕ್ಕೂ ಕೌಂಟರ್ ನೋಟಿಸ್ ಅಂತ ದಾರಿ ಇದೆ, ಆದ್ರೆ ಅಲ್ಲಿಂದ ಮುಂದೆ ವಕೀಲರನ್ನ ಕೇಳದೆ ಹೋಗ್ಬೇಡಿ. ನನ್ನ ವಿಷಯದಲ್ಲಿ ಅಪೀಲ್ ಹಾಕಿದ್ಮೇಲೆ ಮಾತಿಲ್ಲದೆ ಕ್ಲೇಮ್ ಬಿಟ್ರು. ಇಂಥ ಕ್ಲೇಮ್‌ಗಳನ್ನ ತಾನಾಗೇ ಹಾಕೋ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಹಾಡು ಹಾಕೋಕೆ ಎಕ್ಸ್‌ಕ್ಲೂಸಿವ್ ಹಕ್ಕು ಇರ್ಬೇಕು ಅನ್ನೋದು ಯೂಟ್ಯೂಬಿನದ್ದೇ ನಿಯಮ, ಅದನ್ನೇ ನಾನು ಅಪೀಲಲ್ಲಿ ಎತ್ತಿ ಬರೆದಿದ್ದೆ, ಜೊತೆಗೆ ಆ ಹಾಡಿನ ಮೊದಲ ವಾಯ್ಸ್ ನೋಟ್ ಯಾವತ್ತಿಂದು ಅಂತ.

ಸ್ಟ್ರೀಮಿಂಗ್ ಆಪ್‌ಗಳದ್ದೇ ಕಷ್ಟ. ಆಲ್ಬಮ್ ಪೇಜಿನ ಕೊನೇಲಿ ಸಣ್ಣ ಅಕ್ಷರದಲ್ಲಿ ಸುತ್ತು ಹಾಕಿರೋ ಸಿ ಮತ್ತೆ ಸುತ್ತು ಹಾಕಿರೋ ಪಿ ಅಂತ ಎರಡು ಗುರುತು ಇರುತ್ತೆ, ಪಿ ಮುಂದೆ ಇರೋದೇ ರೆಕಾರ್ಡಿಂಗ್ ನಮ್ಮದು ಅಂತ ಹೇಳ್ಕೊಳ್ತಿರೋರ ಹೆಸರು. ಅಲ್ಲಿಂದ ಯಾವ ಡಿಸ್ಟ್ರಿಬ್ಯೂಟರ್, ಅಂದ್ರೆ ಹಾಡನ್ನ ಆಪ್‌ಗಳಿಗೆ ತಲುಪಿಸೋ ಕಂಪನಿ, ಮೂಲಕ ಬಂದಿದೆ ಅಂತ ಹಿಡೀಬೇಕು. ಆಪಿಗೂ ಕಂಪ್ಲೇಂಟ್ ಹಾಕಿ, ಡಿಸ್ಟ್ರಿಬ್ಯೂಟರ್‌ಗೂ ಹಾಕಿ. ಇದನ್ನ ಬಿಟ್ಟುಬಿಡು, ಆ ಲೈವ್ ವರ್ಷನ್ ಯಾರು ಕೇಳ್ತಾರೆ ಅಂತ ಕೆಲವರು ನಂಗೆ ಹೇಳಿದ್ರು. ಆದ್ರೆ 2024ರಿಂದ ಸ್ಪಾಟಿಫೈನಲ್ಲಿ ಒಂದು ಟ್ರ್ಯಾಕಿಗೆ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗ್ಲಿಲ್ಲ ಅಂದ್ರೆ ಅದಕ್ಕೆ ರಾಯಲ್ಟಿನೇ ಇಲ್ಲ. ಲೈವ್ ವರ್ಷನ್ ಬೇರೆ ರೆಕಾರ್ಡಿಂಗು, ಅದಕ್ಕೆ ಬೇರೆ ಐಎಸ್‌ಆರ್‌ಸಿ ನಂಬರು (ಪ್ರತಿ ರೆಕಾರ್ಡಿಂಗ್‌ಗೂ ಕೊಡೋ ಗುರುತಿನ ಸಂಖ್ಯೆ), ಎಣಿಕೆನೂ ಬೇರೆ. ನನ್ನ ಹಾಡು ಹುಡುಕ್ಕೊಂಡು ಬರೋ ಆ ಸ್ವಲ್ಪ ಜನದಲ್ಲೂ ಅರ್ಧ ಅಲ್ಲಿಗೆ ಹೋದ್ರೆ ನನ್ನದು ಆ ಗೆರೆ ದಾಟೋದೇ ಇಲ್ಲ. ಸಣ್ಣೋರಿಗೇ ಇದ್ರ ಹೊಡ್ತ ಜಾಸ್ತಿ.

ಮುಂದೆ ಹಾಡೋಕೆ ಹೋಗೋರು ಎರಡು ಸಾಲಿನ ಮೇಲ್ ಆದ್ರೂ ಮಾಡಿ: ಹಾಡಿನ ಹಕ್ಕು ನನ್ನದು, ವಿಡಿಯೋ ನಿಮ್ಮ ಚಾನೆಲ್ಲಲ್ಲಿ ಹಾಕೋಕೆ ಮಾತ್ರ ಅನುಮತಿ, ಸ್ಟ್ರೀಮಿಂಗ್ ರಿಲೀಸ್ ಮತ್ತೆ ಕಂಟೆಂಟ್ ಐಡಿಗೆ ಅನುಮತಿ ಇಲ್ಲ ಅಂತ. ಸರಿ ಅಂತ ರಿಪ್ಲೈ ಬಂದ್ಮೇಲೆ ಹೋಗಿ. ನೆಟ್ಟಗಿರೋ ಆಯೋಜಕರು ಒಂದು ನಿಮಿಷದಲ್ಲಿ ಒಪ್ತಾರೆ, ಅಂಥೋರೂ ಈ ಊರಲ್ಲಿ ಇದಾರೆ. ಸ್ಟೇಜ್ ಮೇಲೆ ಟ್ಯಾಬ್ ತಂದ್ರೆ "ಮೇಲ್ ಮಾಡಿ, ಓದಿ ಸೈನ್ ಮಾಡ್ತೀನಿ" ಅನ್ನಿ, ಜನ ಕಾಯ್ಲಿ. ಕೈಲಾದ್ರೆ ಮುಖ್ಯವಾದ ಹಾಡುಗಳನ್ನ ಕಾಪಿರೈಟ್ ಆಫೀಸಲ್ಲಿ ನೋಂದಾಯಿಸಿ, ಸಾಹಿತ್ಯಕ್ಕೆ, ಸಂಗೀತಕ್ಕೆ ತಲಾ 500 ರೂಪಾಯಿ ಫೀಸು, ಆನ್‌ಲೈನಲ್ಲೇ ಆಗುತ್ತೆ, ಜಗಳ ಬಂದಾಗ ಆ ಕಾಗದ ತುಂಬಾ ಕೆಲಸಕ್ಕೆ ಬರುತ್ತೆ. ಹಾಡು ಬರೆಯೋರು, ಸಂಗೀತ ಮಾಡೋರು ಐಪಿಆರ್‌ಎಸ್ ಮೆಂಬರ್ ಆಗೋದನ್ನೂ ನೋಡಿ, 1969ರಿಂದ ಇರೋ ಸೊಸೈಟಿ ಅದು, ನಮ್ಮ ಪಾಲಿನ ರಾಯಲ್ಟಿ ವಸೂಲಿ ಮಾಡೋದೇ ಅದರ ಕೆಲಸ.

  

ಇಂಥ ಸೆಷನ್‌ಗಳಲ್ಲಿ ಈಗಾಗ್ಲೇ ಹಾಡಿರೋರು ಇವತ್ತೇ ನಿಮ್ಮ ಹಾಡಿನ ಹೆಸರು ಎಲ್ಲಾ ಆಪ್‌ಗಳಲ್ಲೂ ಹುಡುಕಿ, ಕ್ರೆಡಿಟ್ಸ್ ತೆಗೆದು ನೋಡಿ. ಏನಾದ್ರೂ ಕಂಡ್ರೆ ಮೊದ್ಲು ಸ್ಕ್ರೀನ್‌ಶಾಟ್, ತಾರೀಕು ಕಾಣೋ ಹಾಗೆ ಸ್ಕ್ರೀನ್ ರೆಕಾರ್ಡಿಂಗು, ಲಿಂಕು, ಎಲ್ಲಾ ತೆಗೆದಿಟ್ಕೊಳ್ಳಿ, ಆಮೇಲೆ ಅವ್ರಿಗೆ ಫೋನ್ ಮಾಡಿ. ನಾನು ಎರಡನೇ ಸಲ ಫೋನ್ ಇಟ್ಟ ಮಾರನೇ ದಿನವೇ ಬರೆದವರ ಜಾಗದಲ್ಲಿ ಬ್ರ್ಯಾಂಡ್ ಹೆಸರಿನ ಪಕ್ಕ ನನ್ನ ಹೆಸರೂ ಬಂದು ಕೂತಿತ್ತು, ಮೊದ್ಲಿಂದಲೂ ಇತ್ತಲ್ಲ ಮೇಡಂ ಅಂತ ವಾದ ಬೇರೆ. ಹಳೇ ಸ್ಕ್ರೀನ್‌ಶಾಟ್ ನನ್ನ ಸ್ಟೂಡೆಂಟ್ ಫೋನಲ್ಲಿತ್ತು, ಈಗ ವಕೀಲರ ಪತ್ರದ ಜೊತೆ ಮೊದಲ ಪುಟಕ್ಕೆ ಲಗತ್ತಾಗಿರೋದು ಅದೇ.