ಜಲ್ಲಿಯೋ, ತೆಪ್ಪವೋ, ಪೈಪೋ? ಹಿತ್ತಿಲಲ್ಲಿ ಮೂರು ಬಗೆಯ ಅಕ್ವಾಪೋನಿಕ್ಸ್

ಪಂಪ್ ನಿಂತು ಹೋದರೆ ನನ್ನ ಕೈಯಲ್ಲಿ ಎಷ್ಟು ಹೊತ್ತಿದೆ? ಅಕ್ವಾಪೋನಿಕ್ಸ್, ಅಂದರೆ ಮೀನಿನ ತೊಟ್ಟಿಯ ನೀರಿನಲ್ಲೇ ಗಿಡ ಬೆಳೆಸುವುದನ್ನು, ಶುರು ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ನನಗೆ ಇದು ಹೊಳೆಯಲು ಒಂದು ವರ್ಷ ಬೇಕಾಯಿತು. ಶುರುವಿನಲ್ಲಿ ನಾನು ಕೇಳುತ್ತಿದ್ದದ್ದೇ ಬೇರೆ. ಯಾವುದರಲ್ಲಿ ಸೊಪ್ಪು ಜಾಸ್ತಿ ಬರುತ್ತದೆ? ಯಾವುದಕ್ಕೆ ಜಾಗ ಕಡಿಮೆ ಸಾಕು?

ಉತ್ತರ ಸಿಗಲಿ ಅಂತ ಹಿತ್ತಿಲಲ್ಲಿ ಮೂರು ಬಗೆಯನ್ನೂ ಪಕ್ಕಪಕ್ಕದಲ್ಲೇ ಕಟ್ಟಿದೆ. ಒಂದೊಂದಕ್ಕೂ 500 ಲೀಟರ್‌ನ ಬೇರೆ ತೊಟ್ಟಿ. ಮೂರರಲ್ಲೂ ಕಾಮನ್ ಕಾರ್ಪ್, ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಹಾಕುವ ಮೇವೂ ಒಂದೇ ತೂಕ. ಗಿಡ ಬೆಳೆಸಲು ಮೂರಕ್ಕೂ ತಲಾ ಒಂದು ಚದರ ಮೀಟರ್ ಜಾಗ. ಮೊದಲನೆಯದು ಜಲ್ಲಿ ತುಂಬಿದ ಮಡಿ. ಎರಡನೆಯದರಲ್ಲಿ ನೀರಿನ ಮೇಲೆ ಥರ್ಮೋಕೋಲ್ ಹಲಗೆ ತೇಲುತ್ತದೆ, ಅದರ ತೂತುಗಳಲ್ಲಿ ಗಿಡ. ಅದನ್ನು ತೆಪ್ಪ ಅಂತ ಕರೆಯುತ್ತೇನೆ. ಮೂರನೆಯದು ಪೈಪ್. ಅದರ ತಳದಲ್ಲಿ ತೆಳ್ಳಗೆ ನೀರು ಹರಿಯುತ್ತದೆ, ಬೇರು ಅದನ್ನು ಕುಡಿಯುತ್ತದೆ.

ಒಳಗೆ ನಡೆಯುವ ಕೆಲಸ ಮೂರರಲ್ಲೂ ಒಂದೇ. ಮೀನು ಅಮೋನಿಯಾ ಬಿಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಊಟ. ಈ ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯಲು ಮೇಲ್ಮೈ ಬೇಕು. ಜಲ್ಲಿಯಲ್ಲಿ ಅದು ಬೇಕಾದಷ್ಟಿದೆ. ತೆಪ್ಪದಲ್ಲಿ ಕಡಿಮೆ. ನುಣ್ಣಗಿನ ಪೈಪಿನಲ್ಲಿ ತೀರಾ ಕಡಿಮೆ. ಮುಂದೆ ನಾನು ಪಟ್ಟ ಪಾಡೆಲ್ಲ ಹೆಚ್ಚಾಗಿ ಈ ಒಂದು ವ್ಯತ್ಯಾಸದಿಂದಲೇ ಬಂದದ್ದು.

ಜಲ್ಲಿ ಮತ್ತು ತೆಪ್ಪದ ತೊಟ್ಟಿಗಳಿಗೆ ಮೀನು ಬಿಡುವ ಮೊದಲೇ ಅಮೋನಿಯಾ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದೆ. ಜಲ್ಲಿ ಐದು ವಾರಕ್ಕೆ ತಯಾರಾಯಿತು. ಸಂಜೆ ಹಾಕಿದ ಅಮೋನಿಯಾ ಮಾರನೇ ದಿನದ ಹೊತ್ತಿಗೆ ಸೊನ್ನೆ, ನೈಟ್ರೈಟೂ ಸೊನ್ನೆ. ತೆಪ್ಪಕ್ಕೆ ಏಳು ವಾರ ಹಿಡಿಯಿತು. ಪೈಪಿನ ತೊಟ್ಟಿಯಲ್ಲಿ ಮಾತ್ರ ಅವಸರ ಮಾಡಿದೆ. ಎರಡನೇ ವಾರಕ್ಕೇ ಮೀನು ಬಿಟ್ಟೆ. ಹತ್ತು ದಿನದಲ್ಲಿ ನೈಟ್ರೈಟ್ ಏರಿತು. ನೀರಿಗೆ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಜೋರಾಗಿ ಓಡುತ್ತಿದ್ದರೂ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೈಟ್ರೈಟ್ ಸೇರಿದರೆ ರಕ್ತ ಆಮ್ಲಜನಕ ಹೊರಲಾರದು, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ನೀರು ಬದಲಿಸಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಇಲ್ಲದ ಉಪ್ಪು ಹಾಕಿದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನೊಳಗೆ ಸುಲಭವಾಗಿ ಹೋಗುವುದಿಲ್ಲ. ಬಹುಪಾಲು ಮೀನು ಉಳಿದವು. ನಾಲ್ಕು ಸತ್ತವು. ಇನ್ನಷ್ಟು ವಾರ ಸುಮ್ನೆ ಕಾದಿದ್ದರೆ ಅವೂ ಇರುತ್ತಿದ್ದವು. ಆ ಬೇಸರ ಇನ್ನೂ ಹೋಗಿಲ್ಲ.

ಇನ್ನು ಜಲ್ಲಿಯ ವಿಷಯ. ಇದರ ಬಗ್ಗೆ ಹೇಳುವುದು ಜಾಸ್ತಿ ಇದೆ. ಮಡಿಯ ಆಳ 30 ಸೆಂಟಿಮೀಟರ್. ನೀರು 25ರ ತನಕ ಏರಿ ಇಳಿಯುತ್ತದೆ, ಮೇಲಿನ 5 ಸೆಂಟಿಮೀಟರ್ ಯಾವಾಗಲೂ ಒಣಗಿಯೇ ಇರಬೇಕು. ಒದ್ದೆಯಾದರೆ ಪಾಚಿ ಕಟ್ಟುತ್ತದೆ. ಈ ಮಡಿ ಒಂದೇ ಮೂರು ಕೆಲಸ ಮಾಡುತ್ತದೆ. ಮೀನಿನ ಹಿಕ್ಕೆಯನ್ನು ಸೋಸುತ್ತದೆ, ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ, ಗಿಡದ ಬೇರನ್ನು ಹಿಡಿದುಕೊಳ್ಳುತ್ತದೆ. ಒಂದು ಹಿಡಿ ಎರೆಹುಳು ಬಿಟ್ಟೆ. ನೀರು ಏರಿ ಇಳಿಯುವ ಜಾಗದಲ್ಲೂ ಅವು ಆರಾಮಾಗಿವೆ, ಸಿಕ್ಕಿಕೊಂಡ ಹಿಕ್ಕೆಯನ್ನು ತಿಂದು ಕರಗಿಸುತ್ತವೆ. ಬೇರೆ ಫಿಲ್ಟರ್ ಇಡುವ ಅಗತ್ಯವೇ ಬರಲಿಲ್ಲ.

ಆದರೆ ಜಲ್ಲಿ ತರುವಾಗ ನಾನು ಎಡವಿದೆ. ಮೊದಲ ಸಲ ತಂದದ್ದರಲ್ಲಿ ಸುಣ್ಣದ ಕಲ್ಲು ಬೆರೆತಿತ್ತು. ಹಾಗಾಗಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.8ರಿಂದ ಕೆಳಗೆ ಇಳಿಯಲೇ ಇಲ್ಲ. ಗಿಡಗಳ ಹೊಸ ಎಲೆ ಹಳದಿಯಾಯಿತು, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಪಿಎಚ್ ಜಾಸ್ತಿ ಇದ್ದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕೊನೆಗೆ ಎಲ್ಲವನ್ನೂ ಹೊರಗೆ ತೆಗೆದು ಬೇರೆ ಜಲ್ಲಿ ತುಂಬಿದೆ. ಬ್ಯಾಕ್ಟೀರಿಯಾ ಕೆಲಸವೂ ಮತ್ತೆ ಮೊದಲಿಂದ. ಮೇಲೆ ಹೇಳಿದ ಐದು ವಾರ ಈ ಎರಡನೇ ಜಲ್ಲಿಯ ಲೆಕ್ಕ. ದಯವಿಟ್ಟು ಒಂದು ಹಿಡಿ ಜಲ್ಲಿ ಮೇಲೆ ವಿನೆಗರ್ ಸುರಿದು ನೋಡಿ. ಗುಳ್ಳೆ ಎದ್ದರೆ ಅದನ್ನು ಬಿಟ್ಟುಬಿಡಿ.

ತೂಕವನ್ನೂ ಮರೆಯಬೇಡಿ. ಒಂದು ಚದರ ಮೀಟರ್ ಮಡಿಯ ಜಲ್ಲಿ ಅರ್ಧ ಟನ್ನಿನ ಹತ್ತಿರ ತೂಗುತ್ತದೆ, ನೀರು ಬೇರೆ. ಕೆಳಗಿನ ಸ್ಟ್ಯಾಂಡ್ ಅಷ್ಟು ಗಟ್ಟಿ ಇರಬೇಕು. ಸುಟ್ಟ ಜೇಡಿಮಣ್ಣಿನ ಗುಂಡುಗಳು ಹಗುರ, ಆದರೆ ದುಬಾರಿ.

ನೀರು ಏರಿಸಿ ಇಳಿಸಲು ಬೆಲ್ ಸೈಫನ್ (ನೀರು ಒಂದು ಮಟ್ಟಕ್ಕೇರಿದೊಡನೆ ತಾನಾಗಿಯೇ ಎಳೆದು ಹೊರಹಾಕುವ, ಮೇಲೆ ಮುಚ್ಚಳವಿರುವ ಪೈಪ್) ಮತ್ತು ಪಂಪಿಗೆ ಟೈಮರ್ ಎರಡನ್ನೂ ನೋಡಿದೆ. ಸೈಫನ್ ಕೆಲಸ ಮಾಡುವಾಗ ನೋಡಲು ಬಹಳ ಖುಷಿ. ನೀರು ಮೇಲೇರಿ ಗೊಳಕ್ ಅಂತ ಒಮ್ಮೆಲೇ ಇಳಿಯುತ್ತದೆ. ಆದರೆ ಒಳಬರುವ ನೀರು ಕಡಿಮೆಯಾದರೆ ಸೈಫನ್ ಹಿಡಿಯುವುದೇ ಇಲ್ಲ, ಜಾಸ್ತಿಯಾದರೆ ಬಿಡುವುದೇ ಇಲ್ಲ. ಪಂಪಿನ ಜಾಲರಿಯಲ್ಲಿ ಸ್ವಲ್ಪ ಕಸ ಕಟ್ಟಿದರೂ ಲೆಕ್ಕ ತಪ್ಪುತ್ತದೆ. ಟೈಮರ್ ಇಟ್ಟ ಮೇಲೆ ಆ ತಲೆನೋವು ಹೋಯಿತು. 15 ನಿಮಿಷ ಓಟ, 45 ನಿಮಿಷ ವಿಶ್ರಾಂತಿ. ಮಡಿಯೊಳಗೆ ನಿಲ್ಲಿಸಿದ ಪೈಪಿನ ಬುಡದಲ್ಲಿ ಸಣ್ಣ ತೂತು ಇದೆ, ನೀರು ಅದರಿಂದ ತಾನಾಗಿಯೇ ಇಳಿಯುತ್ತದೆ. ಮೀನಿನ ತೊಟ್ಟಿಗೆ ಏರ್ ಪಂಪ್ ಬೇರೆಯೇ ಇರಬೇಕು, ಅದಕ್ಕೆ ವಿಶ್ರಾಂತಿ ಇಲ್ಲ. ಹೊಸಬರಿಗೆ ನನ್ನ ಸಲಹೆ ಟೈಮರ್. ಒಂದು ಎಚ್ಚರಿಕೆ: ಮಡಿ ತುಂಬಿದಾಗ ತೊಟ್ಟಿಯಿಂದ ಸುಮಾರು 100 ಲೀಟರ್ ಮೇಲಕ್ಕೆ ಹೋಗಿರುತ್ತದೆ. ಅದು ವಾಪಸ್ ಬರುವಾಗ ತೊಟ್ಟಿಯಲ್ಲಿ ಜಾಗ ಇರಬೇಕು.

ತೆಪ್ಪದಲ್ಲಿ ಲೆಟ್ಯೂಸ್ ಬೆಳೆಯುವುದನ್ನು ನೋಡಿದರೆ ಮನಸ್ಸು ಕರಗುತ್ತದೆ. ಹಲಗೆ ಎತ್ತಿದರೆ ಕೆಳಗೆ ಬಿಳಿ ಬೇರು ಜಡೆ ಬಿಟ್ಟಂತೆ ಇರುತ್ತದೆ. ಜಲ್ಲಿಗಿಂತ ಒಂದು ವಾರ ಮೊದಲೇ ಕೊಯ್ಲಿಗೆ ಬಂತು. ದೊಡ್ಡ ಪ್ರಮಾಣದಲ್ಲಿ ಸೊಪ್ಪು ಬೆಳೆಯುವವರು ಹೆಚ್ಚಾಗಿ ಇದನ್ನೇ ಹಿಡಿಯುತ್ತಾರೆ. ಕೆರಿಬಿಯನ್‌ನ ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಜೇಮ್ಸ್ ರಾಕೊಸಿ ಮತ್ತು ಜೊತೆಗಾರರು ವರ್ಷಗಟ್ಟಲೆ ಬೆಳೆಸಿ ತೋರಿಸಿದ್ದೂ ಇದೇ ಬಗೆ. ಆದರೆ ಅಲ್ಲಿ ಹಿಕ್ಕೆ ತೆಗೆಯಲು ಬೇರೆಯೇ ತೊಟ್ಟಿಗಳಿದ್ದವು. ಆ ಭಾಗವನ್ನು ನಾನು ಹಗುರವಾಗಿ ತೆಗೆದುಕೊಂಡೆ. ಎರಡು ತಿಂಗಳಲ್ಲಿ ಬೇರಿನ ಮೇಲೆ ಕಂದು ಲೋಳೆ ಕೂತಿತು, ಗಿಡ ಸೊರಗಿತು. ಒಂದು ಡ್ರಮ್ಮನ್ನು ಫಿಲ್ಟರ್ ಮಾಡಿ ಇಟ್ಟ ಮೇಲೆ ಸರಿಯಾಯಿತು. ಅದನ್ನು ವಾರಕ್ಕೆರಡು ಸಲ ತೊಳೆಯಬೇಕು. ತೆಪ್ಪದ ಕೆಳಗೂ ಏರ್ ಸ್ಟೋನ್ ಬೇಕು. ಹಲಗೆ ಅಂಚಿನಲ್ಲಿ ಸಂದು ಬಿಟ್ಟರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಟೊಮೆಟೊದಂಥ ಎತ್ತರದ ಗಿಡ ತೆಪ್ಪದಲ್ಲಿ ನೆಟ್ಟಗೆ ನಿಲ್ಲುವುದು ಕಷ್ಟ, ಜಲ್ಲಿಯಲ್ಲಿ ಹಾಯಾಗಿ ನಿಂತಿತು.

ಪೈಪಿಗೆ ಜಾಗ ಕಡಿಮೆ ಸಾಕು, ಗೋಡೆಗೂ ಕಟ್ಟಬಹುದು. ಅಷ್ಟು ಬಿಟ್ಟರೆ ಹೊಸಬರಿಗೆ ಅದರಲ್ಲಿ ಅನುಕೂಲ ನನಗೆ ಕಾಣಲಿಲ್ಲ. ಫಿಲ್ಟರ್ ಬೇರೆ, ಬ್ಯಾಕ್ಟೀರಿಯಾಕ್ಕೆ ಡಬ್ಬಿ ಬೇರೆ. ಬಿಸಿಲಿಗೆ ನೀರು ಬೇಗ ಕಾಯುತ್ತದೆ. ಪುದೀನ ನೆಟ್ಟಿದ್ದೆ. ಅದರ ಬೇರು ಪೈಪನ್ನೇ ಮುಚ್ಚಿ, ನೀರು ಗಿಡದ ತೂತಿನಿಂದ ಹೊರಗೆ ಹರಿಯಿತು. ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಮೂರನೇ ಒಂದು ಭಾಗ ನೀರಿಲ್ಲ. ಪಂಪನ್ನು ತಳದಲ್ಲಿ ಇಡದೆ ಎತ್ತರದಲ್ಲಿ ಇಟ್ಟಿದ್ದರಿಂದ ಅದರ ಕೆಳಗಿನ ನೀರು ಉಳಿದು ಮೀನು ಬದುಕಿದವು. ಯಾವ ಬಗೆ ಕಟ್ಟಿದರೂ ಪಂಪನ್ನು ಹೀಗೆ ಎತ್ತರದಲ್ಲೇ ಇಡಿ.

ಮೊದಲ ಪ್ರಶ್ನೆಗೆ ಬರುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬಂದದ್ದು ರಾತ್ರಿ. ಏರ್ ಪಂಪ್‌ಗಳಿಗೆ ಬ್ಯಾಟರಿ ಇತ್ತು, ಹಾಗಾಗಿ ಮೀನಿಗೆ ತೊಂದರೆ ಆಗಲಿಲ್ಲ. ನೀರಿನ ಪಂಪ್‌ಗಳು ನಿಂತವು. ಪೈಪಿನ ಗಿಡಗಳು ಒಂದು ಗಂಟೆಯೊಳಗೆ ತಲೆ ಬಾಗಿಸಿದವು. ಮಗ್ಗಿನಲ್ಲಿ ನೀರು ಹೊಯ್ಯುತ್ತಾ ನಿಂತೆ. ತೆಪ್ಪದ ಬೇರು ನೀರಲ್ಲೇ ಇದ್ದುದರಿಂದ ಗಿಡಕ್ಕೆ ಏನೂ ಆಗಲಿಲ್ಲ. ಜಲ್ಲಿಯಲ್ಲಿ ಬೆರಳು ಹಾಕಿ ನೋಡಿದರೆ ಸಂಜೆಗೂ ತಂಪಾಗಿ ಒದ್ದೆಯಿತ್ತು. ಒದ್ದೆ ಜಲ್ಲಿಯ ಸಂದಿನಲ್ಲಿ ಗಾಳಿಯೂ ಇರುವುದರಿಂದ ಬ್ಯಾಕ್ಟೀರಿಯಾವೂ ಉಸಿರಾಡುತ್ತಿತ್ತು.

ಹಾಗಾಗಿ ಹೊಸಬರು ಜಲ್ಲಿಯಿಂದಲೇ ಶುರು ಮಾಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಅಮೋನಿಯಾ, ನೈಟ್ರೈಟ್, ಪಿಎಚ್ ನೋಡಲು ಟೆಸ್ಟ್ ಕಿಟ್ ಇರಲಿ. ಮೊದಲ ವಾರಗಳಲ್ಲಿ ದಿನಾ ನೋಡಿ, ಆಮೇಲೆ ವಾರಕ್ಕೊಮ್ಮೆ ಸಾಕು. ನಲ್ಲಿ ನೀರಿನ ಕ್ಲೋರಿನ್ ಒಂದೆರಡು ದಿನ ತೆರೆದಿಟ್ಟರೆ ಹೋಗುತ್ತದೆ. ಕೆಲವೆಡೆ ಅದರ ಬದಲು ಹಾಕುವ ಕ್ಲೋರಮಿನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಔಷಧ ಬೇಕು. ತಿಂಗಳುಗಳು ಕಳೆದಂತೆ ಬ್ಯಾಕ್ಟೀರಿಯಾದ ಕೆಲಸದಿಂದಲೇ ಪಿಎಚ್ ಇಳಿಯುತ್ತಾ ಬರುತ್ತದೆ. 6.8ರಿಂದ 7ರ ನಡುವೆ ಹಿಡಿದಿಟ್ಟರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಹೊಂದಿಕೊಳ್ಳುತ್ತವೆ. ಏರಿಸಬೇಕಾದಾಗ ಒಂದು ಸಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇನ್ನೊಂದು ಸಲ ಪೊಟ್ಯಾಸಿಯಂ ಬೈಕಾರ್ಬೊನೇಟ್ ಹಾಕುತ್ತೇನೆ, ಅದೂ ಚೂರುಚೂರಾಗಿ. ಮೀನಿನ ಮೇವಿನಲ್ಲಿ ಗಿಡಕ್ಕೆ ಸಾಲದ ಕ್ಯಾಲ್ಸಿಯಂ, ಪೊಟ್ಯಾಸಿಯಂ ಎರಡೂ ಹೀಗೆ ಸಿಗುತ್ತವೆ.

ಈಗ ನನ್ನ ಹಿತ್ತಿಲಲ್ಲಿ ಮೂರು ಬೇರೆ ಬೇರೆ ಇಲ್ಲ. ಮೀನಿನ ನೀರು ಮೊದಲು ಜಲ್ಲಿಗೆ ಹೋಗುತ್ತದೆ, ಅಲ್ಲಿಂದ ತಿಳಿಯಾಗಿ ತೆಪ್ಪಕ್ಕೆ, ತೆಪ್ಪದಿಂದ ವಾಪಸ್ ತೊಟ್ಟಿಗೆ. ಡ್ರಮ್ ಫಿಲ್ಟರ್ ತೊಳೆಯುವ ಕೆಲಸ ನಿಂತಿದೆ. ಟೊಮೆಟೊ ಜಲ್ಲಿಯಲ್ಲಿ, ಲೆಟ್ಯೂಸ್ ತೆಪ್ಪದಲ್ಲಿ. ಪೈಪ್‌ಗಳನ್ನು ಬಿಚ್ಚಿ, ಅವುಗಳಲ್ಲೇ ಒಂದನ್ನು ಜಲ್ಲಿಯಿಂದ ತೆಪ್ಪಕ್ಕೆ ನೀರು ಸಾಗಿಸಲು ಜೋಡಿಸಿದ್ದೇನೆ.