449 ರೂಪಾಯಿಯ ಕಪ್ಪೆ ಮತ್ತು ಗುಂಡಿ ನೀರಿನ ಕಪ್ಪೆ

ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಕಲಿಸಲು ಪ್ಲಾಸ್ಟಿಕ್ ಗೊಂಬೆ, ಯೂಟ್ಯೂಬ್ ವಿಡಿಯೋ, ರೇಷ್ಮೆ ಹುಳು, ಟಬ್ಬಿನ ಗೊದಮೊಟ್ಟೆ ನಾಲ್ಕನ್ನೂ ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಬ್ಬಿಗೆ. ಶಾಲೆ ಹಿಂದಿನ ಗುಂಡಿಯಿಂದ ಒಂದು ಮಗ್ಗು ನೀರಿನ ಜೊತೆ ಎತ್ತಿ ತಂದ ಗೊದಮೊಟ್ಟೆಗಳಿಗೆ. ಆದರೆ ಅಲ್ಲಿಗೆ ಬರುವ ಮೊದಲು ನಾನು 449 ರೂಪಾಯಿ ಕಳೆದುಕೊಂಡಿದ್ದೆ.

ರಾಮನಗರ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದು, ಎರಡು, ಮೂರನೇ ತರಗತಿ ಎಲ್ಲ ಒಂದೇ ಕೋಣೆ. ಈ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದು ಹೆಚ್ಚುಕಡಿಮೆ ನನ್ನ ಬಾಯಿಂದಲೇ. ಕಪ್ಪೆ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಇಟ್ಟುಕೊಂಡು ಒಂದಷ್ಟು ವಾಕ್ಯ ಕಲಿಸೋಣ ಅಂತ ಆನ್‌ಲೈನಿನಲ್ಲಿ ಪ್ಲಾಸ್ಟಿಕ್ ಗೊಂಬೆಗಳ ಸೆಟ್ ತರಿಸಿದೆ. ಮೊಟ್ಟೆ, ಗೊದಮೊಟ್ಟೆ, ಕಾಲು ಬಂದ ಗೊದಮೊಟ್ಟೆ, ಬಾಲ ಇರುವ ಮರಿಕಪ್ಪೆ, ದೊಡ್ಡ ಕಪ್ಪೆ. ಬಣ್ಣ ಚೆನ್ನಾಗಿದೆ, ಎತ್ತಿ ಹಾಕಿದರೂ ಒಡೆಯುವುದಿಲ್ಲ.

ಎಡವಟ್ಟು ಇದ್ದದ್ದು ಮೂರನೇ ಗೊಂಬೆಯಲ್ಲಿ. ಅದಕ್ಕಿರುವುದು ಮುಂದಿನ ಎರಡು ಕಾಲು. ಹಿಂದೆ ಬರೀ ಬಾಲ.

ನನಗೇ ಗೊತ್ತಾಗಲಿಲ್ಲ, ನಾಚಿಕೆಯ ವಿಷಯ. ಎರಡು ವಾರ ಅದನ್ನೇ ಎತ್ತಿ ಹಿಡಿದು 'ಇಟ್ ಹ್ಯಾಸ್ ಟೂ ಲೆಗ್ಸ್' ಅಂತ ಹೇಳಿಸಿದೆ. ಅಷ್ಟರಲ್ಲಿ ಕಿಟಕಿ ಪಕ್ಕದ ಟಬ್ಬಿನಲ್ಲೂ ಕಾಲು ಮೂಡಿತು. ಎರಡನೇ ತರಗತಿಯ ಹುಡುಗಿಯೊಬ್ಬಳು ಗೊಂಬೆ ತಂದು ನೀರಿನ ಮೇಲೆ ಹಿಡಿದಳು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ಇದನ್ನು ನೋಡಿದಳು. "ಮಿಸ್, ಇದಕ್ಕೆ ಕಾಲು ಉಲ್ಟಾ ಹಾಕವ್ರೆ!" ಅವಳು ಹೇಳಿದ್ದೇ ಸರಿ. ಕಪ್ಪೆ ಮರಿಗೆ ಮೊದಲು ಕಾಣುವುದು ಹಿಂಗಾಲು. ಮುಂಗಾಲು ಚರ್ಮದ ಒಳಗೇ ಬೆಳೆದು ಆಮೇಲೆ ಹೊರಗೆ ಬರುತ್ತದೆ. ಮುಂಗಾಲು ಮೊದಲು ಬರುವುದು ಸಲಮಾಂಡರ್ ಮರಿಗೆ, ಅಂದರೆ ಹಲ್ಲಿಯಂತೆ ಕಾಣುವ ಕಪ್ಪೆಯ ದೂರದ ನೆಂಟನ ಮರಿಗೆ. ಅದು ನಮ್ಮ ಊರಿನ ಪ್ರಾಣಿಯೂ ಅಲ್ಲ.

ಮಾರಿದವರಿಗೆ ಬರೆದೆ. ಫೋಟೋ ಕೇಳಿದರು, ಕಳಿಸಿದೆ. "ಎರಡು ಕಾಲು ಇದೆಯಲ್ಲ ಮೇಡಂ, ಮುರಿದಿಲ್ಲವಲ್ಲ" ಅಂದರು. ಎರಡು ಇರುವುದು ನನಗೂ ಕಾಣುತ್ತದೆ, ಎಲ್ಲಿ ಇದೆ ಅನ್ನುವುದೇ ತಕರಾರು ಅಂತ ಮತ್ತೆ ಬರೆದೆ. ಹಾಳಾಗಿದ್ದರೆ ಮಾತ್ರ ವಾಪಸ್ ಅಂತೆ. ಪ್ಯಾಕೆಟ್ ತೆಗೆದು ಇಷ್ಟು ದಿನ ಆಯಿತು ಅನ್ನುವುದು ಇನ್ನೊಂದು ನೆಪ. ಮೂರು ಸಲ ಬರೆದು ಸುಸ್ತಾಗಿ ಸುಮ್ಮನಾದೆ.

ಯೂಟ್ಯೂಬ್ ವಿಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ಒಂದು ಮೊಬೈಲ್, ಇಪ್ಪತ್ತೆರಡು ತಲೆ. ಎರಡು ನಿಮಿಷದಲ್ಲಿ ಮೊಟ್ಟೆ ಕಪ್ಪೆಯಾಗಿ ಹಾರಿಹೋಯಿತು. ಮಕ್ಕಳು "ಇನ್ನೊಂದ್ ಹಾಕಿ ಮಿಸ್" ಅಂದರೇ ಹೊರತು ಒಂದು ಇಂಗ್ಲಿಷ್ ಮಾತೂ ಆಡಲಿಲ್ಲ.

ರೇಷ್ಮೆ ಹುಳು ಮಾತ್ರ ಟಬ್ಬಿಗೆ ಸರಿಯಾದ ಪೈಪೋಟಿ ಕೊಟ್ಟಿತು. ನಮ್ಮ ಕಡೆ ಹುಳು ಮನೆ ಇರುವ ಮಕ್ಕಳು ಇದ್ದೇ ಇರುತ್ತಾರೆ. ಒಬ್ಬ ಹುಡುಗ ರಟ್ಟಿನ ಡಬ್ಬದಲ್ಲಿ ಹತ್ತು ಹುಳು, ಮೇಲೆ ಹಿಪ್ಪುನೇರಳೆ ಸೊಪ್ಪು ಹಾಕಿಕೊಂಡು ತಂದ. 'ಇಟ್ ಈಟ್ಸ್ ಲೀವ್ಸ್', 'ಇಟ್ ಈಸ್ ಸ್ಲೀಪಿಂಗ್'. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಅಲ್ಲಾಡದೆ ಇದ್ದಾಗ, ಎರಡನೇ ವಾಕ್ಯ ತಾನಾಗಿಯೇ ಬಂತು. ಗೂಡು ಕಟ್ಟಿದ ಮೇಲೆ 'ವಾಟ್ ಕಮ್ಸ್ ನೆಕ್ಸ್ಟ್?' ಅಂತ ಕೇಳಿದೆ. ಚಿಟ್ಟೆ ಅನ್ನುತ್ತಾರೆ ಅಂದುಕೊಂಡಿದ್ದೆ. "ಮಾರ್ಕೆಟ್, ಮಿಸ್" ಅಂದ ಅವನು. ಅವನ ಮನೆಯಲ್ಲಿ ಗೂಡಿನಿಂದ ಚಿಟ್ಟೆ ಬರುವವರೆಗೆ ಯಾರು ಕಾಯುತ್ತಾರೆ? ಚಿಟ್ಟೆ ತೂತು ಮಾಡಿಕೊಂಡು ಬಂದರೆ ಆ ಗೂಡಿನ ನೂಲು ಬಿಚ್ಚಲು ಬರುವುದಿಲ್ಲ. ಜೊತೆಗೆ, ಹುಳುವಿಗೆ ಸೋಂಕು ತಗುಲಿದರೆ ಮನೆ ಬೆಳೆಯೇ ಹೋದೀತು, ಡಬ್ಬ ವಾಪಸ್ ಕಳಿಸಬೇಡಿ ಅಂತ ಅವರಪ್ಪ ಹೇಳಿ ಕಳಿಸಿದ್ದರು. ನ್ಯಾಯವಾದ ಮಾತು.

ಈಗ ಟಬ್ಬು. ನಮಗೆ ಸಿಕ್ಕಿದ್ದು ಚಿಕ್ಕ, ಕಪ್ಪು ಗೊದಮೊಟ್ಟೆಗಳು, ನೆಲಗಪ್ಪೆಯವು. ಗುಂಡಿಯ ಅಂಚಿನಲ್ಲಿ ಅವುಗಳ ಮೊಟ್ಟೆಯೂ ಇತ್ತು, ದಾರಕ್ಕೆ ಕರಿಮಣಿ ಪೋಣಿಸಿದ ಹಾಗೆ ಉದ್ದಕ್ಕೆ. ಆ ಮೊಟ್ಟೆ ನೋಡಿದ್ದರಿಂದ ಒಂದು ದೊಡ್ಡ ಗೋಜಲು ಬಿಡಿಸಿತು. ಅಲ್ಲಿಯವರೆಗೆ ನಾನು ಗೊದಮೊಟ್ಟೆ ಗೊಂಬೆ ತೋರಿಸಿದಾಗಲೆಲ್ಲ ಅರ್ಧ ಕ್ಲಾಸು 'ಎಗ್!' ಅಂತ ಕೂಗುತ್ತಿತ್ತು. ಯಾಕೆ ಅಂತ ತಲೆ ಕೆರೆದುಕೊಂಡೆ. ಗೊದಮೊಟ್ಟೆ ಅನ್ನುವ ಪದದಲ್ಲೇ ಮೊಟ್ಟೆ ಇದೆಯಲ್ಲ! ಮಕ್ಕಳದ್ದೇನು ತಪ್ಪು? ಗುಂಡಿಯಲ್ಲಿ ಅಲ್ಲಾಡದ ಕರಿಮಣಿಗೆ 'ಎಗ್', ಪಕ್ಕದಲ್ಲೇ ಬಾಲ ಆಡಿಸಿದ್ದಕ್ಕೆ 'ಟ್ಯಾಡ್‌ಪೋಲ್' ಅಂದ ಮೇಲೆ ಆ ತಪ್ಪು ಮತ್ತೆ ಬರಲಿಲ್ಲ. ಇಂಗ್ಲಿಷಿನಲ್ಲಿ ನೆಲಗಪ್ಪೆಗೆ 'ಟೋಡ್' ಅನ್ನಬೇಕು. ನಮ್ಮ ಮಕ್ಕಳಿಗೆ ಎಲ್ಲವೂ ಕಪ್ಪೆ. ಆ ಪದವನ್ನು ಕೊನೆಗೆ ಹೇಳಿಕೊಟ್ಟೆ.

'ಹ್ಯಾಸ್' ಕೂಡ ಟಬ್ಬಿನಿಂದಲೇ ಬಂತು. ಕನ್ನಡದಲ್ಲಿ ನಾವು "ಅದಕ್ಕೆ ಎರಡು ಕಾಲು ಇದೆ" ಅನ್ನುತ್ತೇವೆ. ಹಾಗಾಗಿ ಮಕ್ಕಳು 'ಇಟ್ ಈಸ್ ಟೂ ಲೆಗ್ಸ್' ಅನ್ನುತ್ತಾರೆ. ಬೋರ್ಡಿನ ಮೇಲೆ ಎಷ್ಟು ತಿದ್ದಿದರೂ ಅಷ್ಟೇ. ದಿನಾ ಬೆಳಿಗ್ಗೆ ಹಾಜರಿ ಆದ ಮೇಲೆ ಟಬ್ಬು ನೋಡಿ ಒಬ್ಬೊಬ್ಬರು ಒಂದು ವಾಕ್ಯ ಹೇಳಬೇಕು ಅಂತ ಮಾಡಿದೆ. 'ಇಟ್ ಹ್ಯಾಸ್ ನೋ ಲೆಗ್ಸ್', ಆಮೇಲೆ 'ಟೂ', ಆಮೇಲೆ 'ಫೋರ್'. ನಿನ್ನೆ ಹೇಳಿದ ವಾಕ್ಯ ಇವತ್ತು ಸುಳ್ಳಾಗಬಹುದು, ಅದೇ ಅವರಿಗೆ ಮಜಾ. ಬಾಲ ಗಿಡ್ಡ ಆಗುತ್ತಾ ಬಂದಾಗ ಹಲ್ಲಿ ಬಾಲದ ಹಾಗೆ ಉದುರಿದೆ ಅಂದುಕೊಂಡು ಟಬ್ಬಿನ ತಳದಲ್ಲಿ ಬಾಲ ಹುಡುಕಿದರು. ಅದು ಉದುರುವುದಿಲ್ಲ, ಮೈಯೊಳಗೇ ಕರಗುತ್ತದೆ ಅಂದೆ. 'ವೇರ್ ಈಸ್ ದ ಟೇಲ್?' ಅನ್ನುವ ಪ್ರಶ್ನೆಯನ್ನು ನಾನು ಕಲಿಸಿರಲಿಲ್ಲ. ಪಾಠದಲ್ಲಿ ಬಂದಿದ್ದ 'ವೇರ್ ಈಸ್ ದ ಬಾಲ್?' ಅನ್ನು ತಿರುಚಿ ಅವರೇ ಕೇಳಿದರು.

ಟಬ್ಬಿಗೂ ತಾಪತ್ರಯ ಇದೆ. ಮೊದಲ ದಿನ ನಲ್ಲಿ ನೀರು ಹಾಕಿಬಿಟ್ಟೆ, ಕ್ಲೋರಿನ್ನಿಗೆ ರಾತ್ರೋರಾತ್ರಿ ಅರ್ಧ ಸತ್ತವು. ಆ ಬೆಳಿಗ್ಗೆ ಇಂಗ್ಲಿಷ್ ಪಾಠ ಮಾಡಲಿಲ್ಲ. ಆಮೇಲೆ ಗುಂಡಿ ನೀರನ್ನೇ ಹಾಕಿದೆ. ಬೇಯಿಸಿದ ಸೊಪ್ಪು ಚಿಟಿಕೆಯಷ್ಟು ಸಾಕು, ಜಾಸ್ತಿ ಆದರೆ ನೀರು ನಾರುತ್ತದೆ. ಶನಿವಾರ ಅರ್ಧ ನೀರು ಬದಲಿಸದೆ ಮನೆಗೆ ಹೋದರೆ ಸೋಮವಾರ ಕೋಣೆಗೆ ಕಾಲಿಡಲು ಆಗುವುದಿಲ್ಲ.

ಖರ್ಚು? ಹಳೇ ಬಿಳಿ ಟಬ್ಬು, ಮೇಲೆ ಸೊಳ್ಳೆಪರದೆ ತುಂಡು. ಪ್ರತಿ ವರ್ಷ ಕೈಯಿಂದ ದುಡ್ಡು ಹಾಕುವ ನನ್ನಂಥವರಿಗೆ ಇದು ಸಾಕು. ಅಪಾರ್ಟ್‌ಮೆಂಟ್ ನಡುವಿನ ಶಾಲೆಯಾಗಿದ್ದು, ಹತ್ತಿರ ಗುಂಡಿಯೇ ಇಲ್ಲದಿದ್ದರೆ ಗೊಂಬೆ ಸೆಟ್ಟೇ ತಗೊಳ್ಳಿ, ಆದರೆ ಫೋಟೋದಲ್ಲಿ ಮೂರನೇ ಗೊಂಬೆಯ ಕಾಲು ನೋಡಿಕೊಂಡು. ನನ್ನ ಹತ್ತಿರ ಇರುವುದನ್ನು ಎಸೆದಿಲ್ಲ. ಅದನ್ನು ಎತ್ತಿ ಹಿಡಿದರೆ ಸಾಕು, ಒಂದನೇ ತರಗತಿಯವರೂ 'ರಾಂಗ್ ಲೆಗ್ಸ್!' ಅಂತ ಕಿರುಚುತ್ತಾರೆ.

ಇನ್ನೊಂದು ಮಾತು. ಮುಂಗಾಲು ಬಂದ ದಿನವೇ ನೀರಿನಿಂದ ಮೇಲೆ ಕಾಣುವ ಹಾಗೆ ಒಂದು ಕಲ್ಲು ಇಡಿ, ಇಲ್ಲದಿದ್ದರೆ ಮರಿ ಮುಳುಗಿ ಸಾಯುತ್ತದೆ. ಬಾಲ ಪೂರ್ತಿ ಹೋದ ಮೇಲೆ, ತಂದ ಗುಂಡಿ ಹತ್ತಿರವೇ ಬಿಟ್ಟು ಬನ್ನಿ. ನಮ್ಮವು ಹೊರಟಾಗ ಗೋಲಿಗಿಂತ ಚಿಕ್ಕದಿದ್ದವು. ಮಕ್ಕಳು 'ಬೈ ಬೈ ಟೋಡ್' ಅಂದರು.